ಅಪ್ಪನ ಒಂದೇ ಬೆಲ್

ಈ ಸಾಲನ್ನು ನೀವು ಓದಿ ಮುಗಿಸೋ ಹೊತ್ತಿಗೆ ನಿಮ್ಮ ಕೈಲಿರೋ ಫೋನಿನ ಪ್ರೊಸೆಸರನ್ನು ಯಾರ್ಯಾರೋ ನೂರಾರು ಸಲ "ಸ್ವಲ್ಪ ಇಲ್ಲಿ ನೋಡಿ" ಅಂತ ಕರೆದಿರ್ತಾರೆ. ಸ್ಕ್ರೀನಿನ ಮೇಲೆ ಬೆರಳು ಜರುಗಿದರೆ ಒಂದು ಕರೆ. ವೈಫೈಯಲ್ಲಿ ಒಂದಿಷ್ಟು ಡೇಟಾ ಬಂದರೆ ಇನ್ನೊಂದು. ಒಳಗಿನ ಟೈಮರ್‌ದು ಮತ್ತೊಂದು. ಪ್ರತಿ ಸಲವೂ ಪ್ರೊಸೆಸರ್ ತಾನು ಮಾಡ್ತಿದ್ದ ಕೆಲಸಕ್ಕೆ ಗುರುತಿಟ್ಟು, ಕರೆದವರ ಮಾತು ಕೇಳಿ, ಮತ್ತೆ ಬಿಟ್ಟ ಜಾಗಕ್ಕೇ ವಾಪಸ್ ಬರುತ್ತೆ. ನಿಮಗೆ ಗೊತ್ತೇ ಆಗಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳೋದೇ ನಮ್ಮಂಥವರ ಕೆಲಸ.

ಈ ಕರೆಗಳಿಗೆ ಇಂಟರಪ್ಟ್ ಅಂತ ಹೆಸರು. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಡಿವೈಸ್ ಡ್ರೈವರ್ ಬರೆಯುವ ತಂಡದಲ್ಲಿದ್ದೇನೆ. ಮದುವೆಮನೆಗಳಲ್ಲಿ ಸಿಗೋ ನೆಂಟರು "ಆ್ಯಪ್ ಮಾಡ್ತೀಯಾ?" ಅಂತ ಕೇಳ್ತಾರೆ. ಅಲ್ಲ. ಆ್ಯಪ್‌ಗಳ ಕೆಳಗೆ ಆಪರೇಟಿಂಗ್ ಸಿಸ್ಟಮ್ ಇದೆ, ಅದರ ತಿರುಳಿಗೆ ಕರ್ನೆಲ್ ಅಂತಾರೆ. ಇಬ್ಬರು ಒಟ್ಟಿಗೇ ಕರೆದರೆ ಯಾರು ಮೊದಲು, ಯಾರು ಕಾಯಬೇಕು ಅನ್ನೋ ನ್ಯಾಯ ಪಂಚಾಯ್ತಿ ನಡೆಯೋದು ಅಲ್ಲಿ. ಒಂಬತ್ತು ವರ್ಷದಿಂದ ನನ್ನ ಸಂಬಳ ಬರ್ತಿರೋದು ಆ ಪಂಚಾಯ್ತಿಯಿಂದಲೇ.

ಇಂಟರಪ್ಟ್ ಇಲ್ಲದಿದ್ದರೆ ಏನಾಗ್ತಿತ್ತು? ಪೋಸ್ಟ್‌ಮ್ಯಾನ್ ಬಂದನಾ ಅಂತ ನಿಮಿಷಕ್ಕೊಂದು ಸಲ ಗೇಟಿನವರೆಗೆ ಹೋಗಿ ನೋಡಿಕೊಂಡು ಬರಬೇಕಿತ್ತು. ಇಂಟರಪ್ಟ್ ಅಂದ್ರೆ ಕಾಲಿಂಗ್ ಬೆಲ್. ಬಂದವರೇ ಒತ್ತುತ್ತಾರೆ. ಆದರೆ ಬೆಲ್ ಹೊಡೆಯುತ್ತಿರುವಾಗಲೇ ಫೋನ್ ರಿಂಗಾಗಿ, ಅದೇ ಹೊತ್ತಿಗೆ ಒಲೆ ಮೇಲಿನ ಹಾಲೂ ಉಕ್ಕೋಕೆ ಬಂದರೆ? ಅದಕ್ಕೇ ಮಟ್ಟಗಳು ಬೇಕು.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸನ್ನು ಬೆಳೆಸಿದ್ದು ಪಿಡಿಪಿ-11 ಅನ್ನೋ ಯಂತ್ರದ ಮೇಲೆ. ಅದರ ಪ್ರೊಸೆಸರಿಗೆ 0ಯಿಂದ 7ರವರೆಗೆ ಎಂಟು ಮಟ್ಟ. ಪ್ರೊಸೆಸರ್ ಈಗ 5ನೇ ಮಟ್ಟದಲ್ಲಿದ್ದರೆ 5 ಮತ್ತು ಅದಕ್ಕಿಂತ ಕೆಳಗಿನ ಕರೆಗಳು ಹೊರಗೆ ನಿಲ್ಲಬೇಕು. 6, 7ರದ್ದಕ್ಕೆ ಮಾತ್ರ ಬಾಗಿಲು ತೆರೆದಿರುತ್ತೆ. ಸಾಮಾನ್ಯವಾಗಿ ಟೈಪ್ ಮಾಡುವ ಟರ್ಮಿನಲ್‌ಗೆ 4, ಡಿಸ್ಕ್‌ಗೆ 5, ಗಡಿಯಾರಕ್ಕೆ 6. ನೀವು ಓಡಿಸುವ ಪ್ರೋಗ್ರಾಮಿಗೆ? ಸೊನ್ನೆ. ಎಲ್ಲರಿಗಿಂತ ಕೆಳಗೆ.

ಕಾಲೇಜಿನಲ್ಲಿ ಇದನ್ನು ಓದಿದಾಗ ನನಗೆ ಸರಿ ಕಾಣಲಿಲ್ಲ. ಲಕ್ಷಾಂತರ ರೂಪಾಯಿ ಕೊಟ್ಟು ಕಂಪ್ಯೂಟರ್ ತರೋದೇ ನಮ್ಮ ಪ್ರೋಗ್ರಾಮ್ ಓಡಿಸೋಕೆ. ಅದನ್ನೇ ಕೆಳಗೆ ಕೂರಿಸಿ, ಟಿಕ್ ಟಿಕ್ ಅನ್ನೋ ಗಡಿಯಾರಕ್ಕೆ ಮೇಲಿನ ಮಣೆ ಯಾಕೆ?

ಉತ್ತರ ಸಿಕ್ಕಿದ್ದು ಅಪ್ಪನ ಹತ್ತಿರ. ಅಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು, ಅರಸೀಕೆರೆ–ಮೈಸೂರು ಲೈನಿನ ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ. ಈಗ ರಿಟೈರ್ ಆಗಿ ಅಮ್ಮನ ಜೊತೆ ಅರಸೀಕೆರೆಯಲ್ಲೇ ಇದ್ದಾರೆ. ಸೆಮಿಸ್ಟರ್ ರಜೆಯಲ್ಲಿ ಮಟ್ಟಗಳ ಪಟ್ಟಿ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ, "ಇದರಲ್ಲೇನಿದೆ, ಗೂಡ್ಸ್ ಗಾಡಿ ಲೂಪ್ ಲೈನಲ್ಲಿ ನಿಲ್ಲಿಸೋ ಲೆಕ್ಕ ತಾನೇ" ಅಂದರು.

"ಗೂಡ್ಸ್ ಮುಖ್ಯ ಅಲ್ವಾ ಹಾಗಾದ್ರೆ?"

"ಯಾರಂದ್ರು? ರೈಲ್ವೆಗೆ ದುಡ್ಡು ಬರೋದೇ ಗೂಡ್ಸಿಂದ. ಪ್ಯಾಸೆಂಜರ್ ಗಾಡಿ ಓಡಿಸಿ ಯಾವ ರೈಲ್ವೆ ಉದ್ಧಾರ ಆಗಿದೆ? ಆದ್ರೆ ಕಲ್ಲಿದ್ದಲು ಒಂದು ಗಂಟೆ ಕಾದ್ರೆ ಹಳಸಲ್ಲ ಕಣಮ್ಮ. ಎಕ್ಸ್‌ಪ್ರೆಸ್ ಹಾಗೆ ನಿಲ್ಸೋಕಾಗಲ್ಲ. ಅಪಘಾತಕ್ಕೆ ಹೊರಟ ರಿಲೀಫ್ ಗಾಡಿ ಬಂದ್ರೆ ಎಕ್ಸ್‌ಪ್ರೆಸ್ಸೂ ಪಕ್ಕಕ್ಕೆ. ಮುಖ್ಯ ಅನ್ನೋದು ಬೇರೆ, ಕಾಯೋಕೆ ಆಗಲ್ಲ ಅನ್ನೋದು ಬೇರೆ."

ಆಮೇಲೆ ನಾನು ಓದಿದ ಎಲ್ಲ ಪುಸ್ತಕಗಳ ಸಾರ ಇಷ್ಟೇ. ಮಟ್ಟ ಅಂದರೆ ಅಂತಸ್ತಲ್ಲ, ತಾಳ್ಮೆಯ ಅಳತೆ. ಆ ಕಾಲದ ಯಂತ್ರದ ಗಡಿಯಾರ ಕರೆಂಟಿನ ಲಯಕ್ಕೆ ಸೆಕೆಂಡಿಗೆ 50 ಅಥವಾ 60 ಸಲ ಕರೆಯುತ್ತಿತ್ತು. ಒಂದು ಟಿಕ್ ತಪ್ಪಿದರೆ ಅದು ಮತ್ತೆ ಬರೋದಿಲ್ಲ, ಕಂಪ್ಯೂಟರಿನ ಸಮಯ ಹಿಂದೆ ಬೀಳುತ್ತೆ. ಅದಕ್ಕೆ 6. ಆಗಿನ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಕಳಿಸುತ್ತಿದ್ದ ನಿಧಾನಸ್ಥ, ಮುಂದಿನ ಅಕ್ಷರ ಬರೋಕೆ ಸೆಕೆಂಡಿನ ಹತ್ತನೇ ಒಂದು ಭಾಗ ಬಿಡುವು ಇತ್ತು. ಅದಕ್ಕೆ 4 ಸಾಕಾಯ್ತು. ಮುಂದೆ ಪಿಸಿಗಳ ಕಾಲದಲ್ಲಿ ಅದೇ ಜಾತಿಯ ಸೀರಿಯಲ್ ಪೋರ್ಟ್ ಸೆಕೆಂಡಿಗೆ 11,520 ಅಕ್ಷರ ತರುವಷ್ಟು ವೇಗವಾಯ್ತು. ಹಳೆಯ ಚಿಪ್ಪಿನಲ್ಲಿ ಇಟ್ಟುಕೊಳ್ಳೋಕೆ ಜಾಗ ಇದ್ದದ್ದು ಒಂದೇ ಅಕ್ಷರಕ್ಕೆ. ಸುಮಾರು 87 ಮೈಕ್ರೋಸೆಕೆಂಡಿನೊಳಗೆ ಎತ್ತಿಕೊಳ್ಳದಿದ್ದರೆ ಹಿಂದಿನ ಅಕ್ಷರದ ಮೇಲೆ ಮುಂದಿನದು ಬಂದು ಬೀಳುತ್ತಿತ್ತು. ಹಾಗಾಗಿ ಫ್ರೀಬಿಎಸ್‌ಡಿ ಸಿಸ್ಟಮ್ಮಿನಲ್ಲಿ ಸೀರಿಯಲ್ ಪೋರ್ಟಿಗೆ "ಫಾಸ್ಟ್" ಇಂಟರಪ್ಟ್ ಅಂತ ಬೇರೆ ದಾರಿಯನ್ನೇ ಮಾಡಿದರು. ಅದರ ಮಹತ್ವ ಹೆಚ್ಚಿರಲಿಲ್ಲ. ತಾಳ್ಮೆ ಕಡಿಮೆಯಾಗಿತ್ತು. ಹಾಲು ಮಗುವಿನ ಹೋಮ್‌ವರ್ಕಿಗಿಂತ ದೊಡ್ಡದೇನಲ್ಲ, ಆದರೆ ಉಕ್ಕುವಾಗ ಮೊದಲು ಓಡೋದು ಒಲೆ ಹತ್ತಿರಕ್ಕೇ.

ಕರ್ನೆಲ್ ತಾನಾಗಿಯೇ ಮಟ್ಟ ಏರಿಸಿಕೊಳ್ಳೋದೂ ಉಂಟು. ಡಿಸ್ಕಿಗೆ ಹೋಗಬೇಕಾದ ಕೆಲಸಗಳ ಒಂದು ಸಾಲಿದೆ ಅಂದುಕೊಳ್ಳಿ. ಅದರಿಂದ ಒಂದನ್ನು ಬಿಡಿಸಿ ಇನ್ನೊಂದು ಕಡೆ ಜೋಡಿಸುತ್ತಿರುವಾಗ, ಅರ್ಧದಲ್ಲೇ ಡಿಸ್ಕ್ ಕರೆದು ಅದೇ ಸಾಲಿಗೆ ಕೈ ಹಾಕಿದರೆ ಸರಪಳಿ ತುಂಡಾಗುತ್ತೆ. ಕ್ಯಾಷ್ ಎಣಿಸುವಾಗ ಪಕ್ಕದವರು ಮಾತಾಡಿಸಿದ ಹಾಗೆ. ಅದಕ್ಕೆ ಆ ನಾಲ್ಕು ಸಾಲಿನ ಕೆಲಸಕ್ಕೆ ಮೊದಲು ಡಿಸ್ಕಿನ ಕರೆ ಒಳಗೆ ಬರದಷ್ಟು ಎತ್ತರಕ್ಕೆ ಏರಬೇಕು, ಮುಗಿದ ತಕ್ಷಣ ಇಳಿಯಬೇಕು. ಯುನಿಕ್ಸಿನಲ್ಲಿ ಇದನ್ನು ಮಾಡುವ ಆದೇಶಗಳ ಮನೆತನಕ್ಕೆ ಎಸ್‌ಪಿಎಲ್ ಅಂತ ಹೆಸರು. ಡಿಸ್ಕಿನ ಕಾಟ ತಪ್ಪಿಸೋಕೆ ಎಸ್‌ಪಿಎಲ್-ಬಯೋ, ನೆಟ್‌ವರ್ಕಿಗೆ ಎಸ್‌ಪಿಎಲ್-ನೆಟ್, ಎಲ್ಲ ಬಾಗಿಲೂ ಮುಚ್ಚೋಕೆ ಎಸ್‌ಪಿಎಲ್-ಹೈ.

ನನಗೆ ಇಷ್ಟವಾಗೋದು ಇಳಿಯುವಾಗಿನ ಆದೇಶ, ಎಸ್‌ಪಿಎಲ್-ಎಕ್ಸ್. ಅದು ಸೊನ್ನೆಗೆ ಇಳಿಸೋದಿಲ್ಲ. ಏರುವ ಮೊದಲು ಯಾವ ಮಟ್ಟದಲ್ಲಿತ್ತೋ ಅಲ್ಲಿಗೆ ಇಳಿಸುತ್ತೆ. ಯಾಕೆಂದರೆ ನಿಮ್ಮನ್ನು ಕೆಲಸಕ್ಕೆ ಕರೆದವರು ಮೊದಲೇ ಯಾವುದೋ ಬಾಗಿಲು ಮುಚ್ಚಿಕೊಂಡು ಬಂದಿರಬಹುದು. ನೀವು ಧಾರಾಳವಾಗಿ ಎಲ್ಲವನ್ನೂ ತೆರೆದು ಹೋದರೆ ಅವರ ಅರ್ಧ ಎಣಿಸಿದ ಕ್ಯಾಷ್ ಗಾಳಿಗೆ ಹೋಗುತ್ತೆ. ಏರುವಾಗ ಹಳೆಯ ಮಟ್ಟವನ್ನು ಬರೆದಿಟ್ಟುಕೋ, ಇಳಿಯುವಾಗ ಅದನ್ನೇ ವಾಪಸ್ ಕೊಡು. ನೆಂಟರ ಮನೆಗೆ ಹೋದರೆ ಚಪ್ಪಲಿ ಬಿಟ್ಟ ಜಾಗ ನೆನಪಿಟ್ಟುಕೊಂಡ ಹಾಗೆ.

ಮೇಲೆ ಹೋದವರಿಗೆ ಇನ್ನೊಂದು ಕಟ್ಟುಪಾಡು: ಅಲ್ಲಿ ನಿದ್ದೆ ಮಾಡುವ ಹಾಗಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ಕರ್ನೆಲ್ಲಿನಲ್ಲಿ "ಸ್ಲೀಪ್" ಅನ್ನೋದು ನಿಜವಾದ ಕ್ರಿಯೆ. ಏನಾದರೂ ಬರುವವರೆಗೆ ಕಾಯುತ್ತಾ, ಅಷ್ಟು ಹೊತ್ತು ಬೇರೆಯವರಿಗೆ ಜಾಗ ಬಿಡೋದು. ಇಂಟರಪ್ಟನ್ನು ನೋಡಿಕೊಳ್ಳುತ್ತಿರುವಾಗ ಅದು ನಿಷಿದ್ಧ. ವಿಂಡೋಸಿನ ನೀಲಿ ಪರದೆ ನೋಡಿರ್ತೀರಿ. ಅದರಲ್ಲಿ ಬಹಳ ಸಲ ಕಾಣುವ ಒಂದು ಬರಹ "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್". ಐಆರ್‌ಕ್ಯೂಎಲ್ ಅಂದರೆ ವಿಂಡೋಸಿನವರ ಇಂಟರಪ್ಟ್ ಮಟ್ಟ. ಹಳೆಯ 32 ಬಿಟ್ ಯಂತ್ರಗಳಲ್ಲಿ 0ಯಿಂದ 31ರವರೆಗೆ, ಈಗಿನ 64 ಬಿಟ್‌ನಲ್ಲಿ 0ಯಿಂದ 15ರವರೆಗೆ. ಆ ಬರಹ ಬಂದಿದೆ ಅಂದ್ರೆ, ಹೆಚ್ಚಾಗಿ ಯಾವುದೋ ಡ್ರೈವರ್ 2ನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಕೂತು, ಡಿಸ್ಕಿನಿಂದ ತರಿಸಿಕೊಳ್ಳಬೇಕಾದ ನೆನಪಿನ ಪುಟಕ್ಕೆ ಕೈ ಚಾಚಿದೆ ಅಂತ. ತರಿಸಿಕೊಳ್ಳಬೇಕಾದರೆ ಕಾಯಬೇಕು. ಆ ಎತ್ತರದಲ್ಲಿ ಕಾಯೋ ಹಾಗಿಲ್ಲ. ಇಡೀ ಯಂತ್ರ ಅಲ್ಲೇ ಕುಸಿಯುತ್ತೆ.

ಕಳೆದ ವರ್ಷ ಶ್ರಾವಣದಲ್ಲಿ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯ್ತು. ಸ್ಟೆಂಟ್ ಹಾಕಿದರು. ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ನಾಲ್ಕು ರಾತ್ರಿ ಕಳೆದಾಗ ಆ ಕಟ್ಟುಪಾಡು ಮೈಗೇ ತಿಳಿಯಿತು. ಮೇಲಿನ ಮಟ್ಟದಲ್ಲಿ ನಿದ್ದೆ ಇಲ್ಲ. ಹಸಿವೂ ಇಲ್ಲ. ಬೇರೆ ಯಾವ ಕರೆಯೂ ಕಿವಿಗೆ ಬೀಳಲ್ಲ. ನಾಲ್ಕು ದಿನಕ್ಕೆ ಅದು ಸರಿಯೇ. ಆದರೆ ಮನುಷ್ಯರು ಅಲ್ಲೇ ಮನೆ ಕಟ್ಟಿಕೊಳ್ಳೋಕೆ ಆಗಲ್ಲ.

ಡಿಸ್ಚಾರ್ಜ್ ದಿನ ಹುಬ್ಬಳ್ಳಿಯಿಂದ ಬಂದಿದ್ದ ಅಣ್ಣ ಮತ್ತು ನಾನು ವಾರ್ಡಿನಲ್ಲೇ ಕೂತು ಮುಂದಿನ ಏರ್ಪಾಡು ಮಾತಾಡಿದೆವು. ಅಪ್ಪನ ನಂಬರಿನಿಂದ ಕರೆ ಬಂದರೆ ಮೀಟಿಂಗ್ ಇರಲಿ, ಮಧ್ಯರಾತ್ರಿ ಇರಲಿ, ಫೋನ್ ಸೈಲೆಂಟಲ್ಲೇ ಇರಲಿ, ಜೋರಾಗಿ ರಿಂಗಾಗೋ ಹಾಗೆ ಮಾಡಿಬಿಡೋಣ ಅನ್ನೋದು ಪ್ರಸ್ತಾಪ. ಅಂದರೆ ಅಪ್ಪನನ್ನು 7ನೇ ಮಟ್ಟಕ್ಕೆ ಏರಿಸೋದು.

ಮಂಚದ ಮೇಲಿದ್ದ ಅಪ್ಪ ಅಲ್ಲಿಂದಲೇ ಕೈ ಅಡ್ಡ ಆಡಿಸಿದರು. "ಬೇಡ. ಡೇಂಜರ್ ಬೆಲ್ ಒಂದೇ ಇಟ್ರೆ ಸ್ಟೇಷನ್ ನಡೆಯಲ್ಲ."

"ಯಾಕಪ್ಪಾ?"

"ನಿನ್ನ ಆಫೀಸಲ್ಲಿ ಸೈರನ್ ಹೊಡೆಯುತ್ತೆ ಅಂತ ಗೊತ್ತಿದ್ರೆ ನಾನು ಫೋನೇ ಮಾಡಲ್ಲ. ಅಕ್ಕಿ ಬಂತು, ಮಳೆ ಬಂತು ಅಂತ ಹೇಳೋಕೆ ಡೇಂಜರ್ ಬೆಲ್ ಒತ್ತಕ್ಕಾಗುತ್ತಾ?"

ಆಮೇಲೆ, ಮೂಗಿಗೆ ಹಾಕಿದ್ದ ಆಕ್ಸಿಜನ್ ನಳಿಕೆ ತೆಗೆದು ಇನ್ನೂ ಒಂದು ದಿನ ಆಗಿರದ ಆ ಮನುಷ್ಯ, ನಮಗೆ ಬ್ಲಾಕ್ ಇನ್‌ಸ್ಟ್ರುಮೆಂಟಿನ ಪಾಠ ಮಾಡಿದರು. ಎರಡು ಸ್ಟೇಷನ್ನುಗಳ ನಡುವೆ ಬೆಲ್ ಸಂಕೇತಗಳಿವೆ. ಒಂದು ಸಲ ಹೊಡೆದರೆ "ಗಮನಿಸಿ, ಟೆಲಿಫೋನಿಗೆ ಬನ್ನಿ". ಎರಡು ಸಲ, "ಲೈನ್ ಕ್ಲಿಯರ್ ಇದೆಯಾ?" ಮೂರು, ಗಾಡಿ ಸೆಕ್ಷನ್ನಿಗೆ ನುಗ್ಗಿತು. ನಾಲ್ಕು, ಗಾಡಿ ಸೆಕ್ಷನ್ ದಾಟಿತು. ಆರು ಸಲ ಹೊಡೆದರೆ ಅಪಾಯ, ಎಲ್ಲವನ್ನೂ ನಿಲ್ಲಿಸು. "ಮೂವತ್ತೈದು ವರ್ಷದಲ್ಲಿ ಆರು ಬೆಲ್ ಕೇಳಿದ್ದು ಬೆರಳೆಣಿಕೆ. ದಿನಾ ಕೇಳಿದ್ದು ಒಂದೇ ಬೆಲ್. ಆ ಒಂದು ಬೆಲ್ ಇತ್ತು ಅಂತಾನೇ ಆರು ಬೆಲ್‌ಗೆ ಬೆಲೆ."

"ಸರಿ, ಆರು ಸಲ ಮಿಸ್ಡ್ ಕಾಲ್ ಕೊಡ್ತೀರಾ?" ಅಂತ ಅಣ್ಣ ನಕ್ಕ.

"ಆರು ಸಲ ಒತ್ತೋಷ್ಟು ಉಸಿರಿರಬೇಕಲ್ಲೋ! ಎರಡು ಸಾಕು."

ಹೀಗೆ ನಮ್ಮ ಮನೆಯ ನಿಯಮ ತಯಾರಾಯ್ತು. ಒಂದು ಮಿಸ್ಡ್ ಕಾಲ್ ಅಂದ್ರೆ ಬಿಡುವಾದಾಗ ಮಾಡು. ಬೆನ್ನುಬೆನ್ನಿಗೆ ಎರಡು ಅಂದ್ರೆ ಕೈಲಿರೋದನ್ನು ಬಿಟ್ಟು ಎತ್ತು. ಈಗಿನ ಫೋನುಗಳಲ್ಲಿ ಇದಕ್ಕೆ ತಕ್ಕ ಸೌಲಭ್ಯ ಮೊದಲೇ ಇದೆ. "ಡು ನಾಟ್ ಡಿಸ್ಟರ್ಬ್" ಹಾಕಿದ್ದರೂ ಒಂದೇ ನಂಬರಿನಿಂದ ಸ್ವಲ್ಪ ಹೊತ್ತಿನೊಳಗೆ ಎರಡನೇ ಸಲ ಕರೆ ಬಂದರೆ ಸದ್ದಾಗುತ್ತೆ. ಮೊದಲನೆಯದು ಸದ್ದಿಲ್ಲದೆ ಕಾಯುತ್ತೆ, ಎರಡನೆಯದು ಬಾಗಿಲು ಬಡಿಯುತ್ತೆ. ಸೆಟ್ಟಿಂಗ್ಸಿನಲ್ಲಿ "ರಿಪೀಟ್ ಕಾಲರ್ಸ್" ಅಥವಾ "ರಿಪೀಟೆಡ್ ಕಾಲ್ಸ್" ಅಂತ ಹುಡುಕಿ ನೋಡಿ.

ಈ ಏರ್ಪಾಡು ಅಣ್ಣನಿಗೂ ನನಗೂ ಇಬ್ಬರಿಗೂ ಅನ್ವಯಿಸಬೇಕಿತ್ತು. ಅಲ್ಲೊಂದು ತೊಡಕು. ಎಸ್‌ಪಿಎಲ್ ಹುಟ್ಟಿದ್ದು ಒಂದೇ ಪ್ರೊಸೆಸರ್ ಇದ್ದ ಕಾಲದಲ್ಲಿ. ಕಂಪ್ಯೂಟರಿಗೆ ಎರಡು ಪ್ರೊಸೆಸರ್ ಬಂದಾಗ ಅದರ ಆಟ ಮುಗಿಯಿತು. ನಾನು ನನ್ನ ಮಟ್ಟ ಏರಿಸಿಕೊಂಡರೆ ನನ್ನ ಬಾಗಿಲು ಮುಚ್ಚುತ್ತೆ, ಪಕ್ಕದ ಪ್ರೊಸೆಸರಿನದ್ದಲ್ಲ. ಅದು ಅದೇ ಸಾಲಿಗೆ ಧಾರಾಳವಾಗಿ ಕೈ ಹಾಕಬಹುದು. ಆಗ ಬೇಕಾಗೋದು ಬೀಗ, ನಮ್ಮ ಭಾಷೆಯಲ್ಲಿ ಮ್ಯೂಟೆಕ್ಸ್. ಯಾರ ಕೈಲಿ ಬೀಗ ಇದೆಯೋ ಅವರಷ್ಟೇ ಒಳಗೆ. 2003ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 5.0 ಈ ಹೊಸ ದಾರಿ ಹಿಡಿಯಿತು, ಎಸ್‌ಪಿಎಲ್ ಆದೇಶಗಳು ಹೆಸರಿಗಷ್ಟೇ ಉಳಿದು ಕೊನೆಗೆ ಮರೆಯಾದವು.

ಅಪ್ಪನಿಗೆ ಇದೂ ಹೊಸದಲ್ಲ. "ಟೋಕನ್" ಅಂದರು ಒಂದೇ ಮಾತಲ್ಲಿ. ಸಿಂಗಲ್ ಲೈನಿನಲ್ಲಿ ಎರಡು ಸ್ಟೇಷನ್ನುಗಳ ಯಂತ್ರಗಳು ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ. ಒಮ್ಮೆಗೆ ಒಂದೇ ಉಕ್ಕಿನ ಗುಂಡು ಹೊರಗೆ ಬರುತ್ತೆ. ಅದನ್ನು ಬಳೆ ಇರುವ ಚೀಲಕ್ಕೆ ಹಾಕಿ ಡ್ರೈವರಿಗೆ ಕೊಡಬೇಕು. ಆ ಗುಂಡು ಕೈಲಿಲ್ಲದ ಗಾಡಿ ಸೆಕ್ಷನ್ನಿಗೆ ಹೋಗೋ ಹಾಗಿಲ್ಲ. ಗುಂಡು ಮತ್ತೆ ಯಂತ್ರಕ್ಕೆ ಬೀಳೋವರೆಗೆ ಇನ್ನೊಂದು ಹೊರಗೆ ಬರಲ್ಲ.

ಹಾಗಾಗಿ ನಮ್ಮಲ್ಲಿ ವಾರದ ಟೋಕನ್ ಇದೆ. ಟೋಕನ್ ಇರುವವರು ಔಷಧಿ, ಡಾಕ್ಟರ್ ಅಪಾಯಿಂಟ್‌ಮೆಂಟ್ ಎಲ್ಲ ನೋಡಿಕೊಳ್ಳಬೇಕು, ತುರ್ತು ಬಂದರೆ ಹೊರಡಬೇಕು. ಇನ್ನೊಬ್ಬರು ಕೂತಲ್ಲಿಂದ ಏನು ಸಾಧ್ಯವೋ ಅದನ್ನು ಮಾಡಬೇಕು. ಭಾನುವಾರ ಸಂಜೆ ವಾಟ್ಸಾಪಿನಲ್ಲಿ ಅಣ್ಣ "ಟೋಕನ್ ಕೊಟ್ಟೆ" ಅಂತ ಹಾಕ್ತಾನೆ, ನಾನು "ತಗೊಂಡೆ" ಅಂತ ಹಾಕ್ತೀನಿ. "ನೀನು ಕೇಳಿರ್ತೀಯಾ ಅಂದ್ಕೊಂಡೆ" ಅನ್ನೋ ಮಾತು ಮನೆಯಿಂದ ಹೋಯ್ತು.

ಇಷ್ಟರಲ್ಲಿ ಎರಡು ಬೆಲ್ ಬಂದದ್ದು ಒಂದೇ ಸಲ. ಕಾರ್ತಿಕದ ಒಂದು ರಾತ್ರಿ, ಎರಡು ಗಂಟೆ ದಾಟಿತ್ತು. ಎತ್ತಿದರೆ ಅಪ್ಪನ ದನಿ ಗಟ್ಟಿಯಾಗೇ ಇತ್ತು. "ನಂಗೇನಿಲ್ಲ. ನಿಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದವ್ಳೆ, ಏಳೋಕಾಗ್ತಿಲ್ಲ." ಏನಾಯ್ತು, ಯಾವಾಗ ಅಂತ ಕೇಳುತ್ತಾ ಕೂರಲಿಲ್ಲ. ಎರಡು ಬೆಲ್ ಆ ಪ್ರಶ್ನೆಗಳನ್ನೆಲ್ಲ ಆಗಲೇ ದಾಟಿಸಿತ್ತು. 108ಕ್ಕೆ ಮಾಡಿದೆ, ಪಕ್ಕದ ಮನೆಯವರನ್ನು ಎಬ್ಬಿಸಿದೆ. ಆ ವಾರದ ಟೋಕನ್ ಅಣ್ಣನದು, ಅವನು ಹುಬ್ಬಳ್ಳಿಯಲ್ಲಿ ಸಿಕ್ಕ ಮೊದಲ ರೈಲು ಹತ್ತಿದ. ನಾನು ಬೆಂಗಳೂರಲ್ಲೇ ಕೂತು ಆಸ್ಪತ್ರೆ, ಇನ್ಶೂರೆನ್ಸ್, ರಿಪೋರ್ಟ್ ಎಲ್ಲ ಫೋನಲ್ಲೇ ಮುಗಿಸಿದೆ. ಸೊಂಟದ ಮೂಳೆಗೆ ಆಪರೇಷನ್ ಆಯ್ತು. ಅಮ್ಮ ಈಗ ವಾಕರ್ ಹಿಡಿದು ತುಳಸಿಕಟ್ಟೆಗೆ ಮೂರು ಸುತ್ತು ಹಾಕ್ತಾಳೆ. ಆ ರಾತ್ರಿ ನಮ್ಮಿಬ್ಬರಲ್ಲಿ ಯಾರೂ ಒಬ್ಬರ ಕಾಲಿಗೊಬ್ಬರು ಅಡ್ಡ ಬರಲಿಲ್ಲ.

ಆದರೆ ತುರ್ತಿಗೆ ಓಡೋದು ಸುಲಭ. ಎಲ್ಲರೂ ಓಡ್ತಾರೆ. ಕಷ್ಟ ಇರೋದು ತುರ್ತಲ್ಲದ್ದಕ್ಕೆ ಸರದಿ ಬರೋ ಹಾಗೆ ನೋಡಿಕೊಳ್ಳೋದರಲ್ಲಿ.

ಇದಕ್ಕೂ ನಮ್ಮ ಕಸುಬಿನಲ್ಲಿ ಒಂದು ಪ್ರಸಿದ್ಧ ಕಾಯಿಲೆ ಇದೆ. ಹೆಸರು ರಿಸೀವ್ ಲೈವ್‌ಲಾಕ್. 1996ರಲ್ಲಿ ಜೆಫ್ರಿ ಮೊಗಲ್ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದ ಕೆ.ಕೆ. ರಾಮಕೃಷ್ಣನ್ ಅದರ ಮೇಲೆ ಬರೆದ ಪ್ರಬಂಧ ನಮ್ಮಲ್ಲಿ ಇವತ್ತಿಗೂ ಓದಿಸುವಂಥದ್ದು. ನೆಟ್‌ವರ್ಕಿನಿಂದ ಪ್ಯಾಕೆಟ್‌ಗಳು ವಿಪರೀತ ವೇಗದಲ್ಲಿ ಬರುತ್ತಿವೆ ಅಂದುಕೊಳ್ಳಿ. ಒಂದೊಂದಕ್ಕೂ ಒಂದೊಂದು ಇಂಟರಪ್ಟ್. ಪ್ರೊಸೆಸರ್ ಪ್ರತಿಯೊಂದಕ್ಕೂ ಎದ್ದು "ಬಂತು, ಬಂತು" ಅಂತ ಎತ್ತಿಟ್ಟುಕೊಳ್ಳುತ್ತೆ. ಎತ್ತಿಟ್ಟದ್ದನ್ನು ಬಿಡಿಸಿ ಅದರ ಕೆಲಸ ಮಾಡಬೇಕಾದದ್ದು ಕೆಳಗಿನ ಮಟ್ಟ. ಅಷ್ಟರಲ್ಲಿ ಇನ್ನೊಂದು ಇಂಟರಪ್ಟ್. ಕೆಳಗಿನವರಿಗೆ ಸರದಿಯೇ ಬರಲ್ಲ. ಸಾಲು ತುಂಬುತ್ತೆ, ಎತ್ತಿಟ್ಟದ್ದನ್ನೆಲ್ಲ ಎಸೆಯಬೇಕಾಗುತ್ತೆ. ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ, ಒಂದು ಕೆಲಸವೂ ಮುಗಿಯುತ್ತಿಲ್ಲ. ಯಂತ್ರ ಸತ್ತಿಲ್ಲ, ಹೆಪ್ಪುಗಟ್ಟಿಲ್ಲ. ಬರೀ ಉತ್ತರ ಕೊಡುತ್ತಾ ಮುಳುಗಿದೆ.

ನಿಮ್ಮ ಆಫೀಸ್ ಚಾಟ್ ನೆನಪಾಯ್ತಾ? ನಮ್ಮ ತಂಡದಲ್ಲೂ ಆಯ್ತು. ಎಲ್ಲರೂ ಎಲ್ಲ ಮೆಸೇಜಿಗೂ ನಿಮಿಷದೊಳಗೆ ಉತ್ತರ ಕೊಡುತ್ತಿದ್ದ ದಿನಗಳಲ್ಲೇ ಸಂಜೆ ಆರಕ್ಕೆ ಒಬ್ಬರ ಕೋಡೂ ಮುಂದೆ ಹೋಗಿರುತ್ತಿರಲಿಲ್ಲ.

ಆ ಪ್ರಬಂಧ ಕೊಟ್ಟ ಮದ್ದು ಸರಳ. ಮೊದಲ ಇಂಟರಪ್ಟ್ ಬಂದ ಕೂಡಲೇ ಆ ಬೆಲ್ಲನ್ನು ಆಫ್ ಮಾಡು. ಆಮೇಲೆ ನೀನೇ ಹೋಗಿ ಬಂದಿರೋದನ್ನು ಸಾಲಾಗಿ ಎತ್ತಿಕೋ, ಆದರೆ ಒಂದು ಸುತ್ತಿಗೆ ಇಷ್ಟೇ ಅಂತ ಮಿತಿ ಇಟ್ಟುಕೋ. ಮಿತಿ ಮುಗಿದರೆ ಬೇರೆಯವರಿಗೆ ಸರದಿ ಬಿಡು. ಸಾಲು ಖಾಲಿಯಾದಾಗ ಮಾತ್ರ ಬೆಲ್ಲನ್ನು ಮತ್ತೆ ಆನ್ ಮಾಡು. ಲಿನಕ್ಸಿನಲ್ಲಿ ಇದೇ ಬಗೆಯ ವ್ಯವಸ್ಥೆಗೆ ನ್ಯಾಪಿ ಅಂತ ಹೆಸರು, ಸುತ್ತಿಗೆ ಸಾಮಾನ್ಯ ಮಿತಿ 64 ಪ್ಯಾಕೆಟ್. ನಮ್ಮ ತಂಡ ಈಗ ಚಾಟನ್ನು ಹನ್ನೊಂದಕ್ಕೆ ಮತ್ತು ನಾಲ್ಕಕ್ಕೆ, ಅರ್ಧರ್ಧ ಗಂಟೆ ನೋಡುತ್ತೆ. ನಿಜಕ್ಕೂ ಉರಿಯುತ್ತಿದ್ದರೆ ಫೋನ್ ಮಾಡಿ ಅಂತ ಎಲ್ಲರಿಗೂ ಹೇಳಿದ್ದೇವೆ. ಮೂರು ತಿಂಗಳಲ್ಲಿ ಎರಡು ಫೋನ್ ಬಂದಿವೆ.

ಇನ್ನು ಒಂದೇ ಬೆಲ್ಲಿನ ವಿಷಯ. ಬಾಗಿಲು ಮುಚ್ಚಿದ್ದಾಗ ಕರೆದ ಇಂಟರಪ್ಟ್ ಕಳೆದುಹೋಗಲ್ಲ. "ಈ ಕಡೆಯಿಂದ ಯಾರೋ ಕರೆದಿದ್ದಾರೆ" ಅಂತ ಒಂದು ಗುರುತು ಉಳಿದಿರುತ್ತೆ, ಮಟ್ಟ ಇಳಿದ ಕೂಡಲೇ ಸರದಿ ಬರುತ್ತೆ. ಆದರೆ ಗುರುತು ಒಂದೇ. ಅಷ್ಟರಲ್ಲಿ ಅದೇ ಕಡೆಯಿಂದ ಐದು ಸಲ ಕರೆ ಬಂದಿದ್ದರೂ ಉಳಿಯೋದು ಒಂದೇ ಗುರುತು. ಅದಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡೋದು ಇದನ್ನೇ. ಒಂದು ಇಂಟರಪ್ಟ್ ಬಂತು ಅಂದ್ರೆ ಒಂದೇ ಕೆಲಸ ಇದೆ ಅಂದುಕೊಳ್ಳಬೇಡಿ. ಒಳಗೆ ಹೋಗಿ, ಸಾಲು ಖಾಲಿಯಾಗೋವರೆಗೆ "ಇನ್ನೂ ಏನಾದರೂ ಇದೆಯಾ?" ಅಂತ ಕೇಳುತ್ತಲೇ ಇರಿ.

ಅಪ್ಪನ ಒಂದು ಬೆಲ್ ದಿನಾ ಸಂಜೆ ಆರೂವರೆ, ಏಳರ ಹೊತ್ತಿಗೆ ಬರುತ್ತೆ. ಒಂದೇ ರಿಂಗ್, ಕಟ್. ನಾನು ಮನೆಗೆ ಬಂದು, ಬ್ಯಾಗಿಟ್ಟು, ಊಟ ಮುಗಿಸಿ ಒಂಬತ್ತರ ಮೇಲೆ ಮಾಡ್ತೀನಿ. ಮೊದಲು ಮಳೆ, ಕರೆಂಟು, ಅಮ್ಮನ ಫಿಸಿಯೋಥೆರಪಿ. "ಮತ್ತೇನಪ್ಪಾ?" ಅಂದರೆ ತೆಂಗಿನಕಾಯಿ ರೇಟು. "ಮತ್ತೇನಪ್ಪಾ?" ಅಂದರೆ ಹಳೆಯ ಪಾಯಿಂಟ್ಸ್‌ಮನ್ ಒಬ್ಬರು ಬಂದು ಕಾಫಿ ಕುಡಿದು ಹೋದದ್ದು. "ಇನ್ನೇನಿಲ್ಲ, ಇಡ್ಲಾ?" ಅಂತ ಅವರೇ ಹೇಳೋವರೆಗೆ ನಾನು ಇಡಲ್ಲ.

ಫೆಬ್ರವರಿಯಲ್ಲಿ ಒಂದು ರಾತ್ರಿ ಮೂರನೇ "ಮತ್ತೇನಪ್ಪಾ"ಗೆ, ಹೇಳಲೋ ಬೇಡವೋ ಅನ್ನೋ ದನಿಯಲ್ಲಿ, "ಸ್ಟೇಷನ್ ಮೇಲ್ಸೇತುವೆ ಹತ್ತುವಾಗ ಎರಡು ಸಲ ನಿಂತ್ಕೊಂಡೆ ಕಣಮ್ಮ. ಮುಂಚೆ ಹಾಗಾಗ್ತಿರಲಿಲ್ಲ" ಅಂದರು. ಟೋಕನ್ ನನ್ನ ಹತ್ತಿರ ಇತ್ತು. ಶನಿವಾರವೇ ಕರೆದುಕೊಂಡು ಹೋದೆ. ಡಾಕ್ಟರು ಎಕೋ ಮಾಡಿಸಿ, ಮಾತ್ರೆ ಬದಲಿಸಿ, "ಈಗಲೇ ಬಂದದ್ದು ಒಳ್ಳೇದಾಯ್ತು" ಅಂದರು. ಆ ಮಾತು ಎರಡು ಬೆಲ್ಲಿನಲ್ಲಿ ಎಂದೂ ಬರುತ್ತಿರಲಿಲ್ಲ. ಸೇತುವೆ ಹತ್ತುವಾಗ ನಿಂತದ್ದಕ್ಕೆ ಯಾರು ಡೇಂಜರ್ ಬೆಲ್ ಹೊಡೀತಾರೆ?

ಕಾಲೇಜಿನಲ್ಲಿ ಕಾಡಿದ್ದ ಪ್ರಶ್ನೆಗೆ ಉಳಿದರ್ಧ ಉತ್ತರ ಇದೇ ಇರಬೇಕು. ಪ್ರೋಗ್ರಾಮನ್ನು ಸೊನ್ನೆಯಲ್ಲಿ ಇಟ್ಟದ್ದು ಅದು ಮುಖ್ಯವಲ್ಲ ಅಂತಲ್ಲ. ಅದೇ ಮನೆ. ಮೇಲಿನ ಏಳು ಮಟ್ಟಗಳೂ ಇರೋದು ಸೊನ್ನೆಯಲ್ಲಿ ನಡೆಯುವ ಕೆಲಸ ಕೆಡದ ಹಾಗೆ ಕಾಯೋಕೆ, ಕಾದು ಬೇಗ ಕೆಳಗಿಳಿದು ಬರೋಕೆ. ಯಂತ್ರ ಚೆನ್ನಾಗಿದೆಯಾ ಅಂತ ನೋಡಬೇಕಾದರೆ ಅದು ಎಷ್ಟು ಬೇಗ ಮೇಲೇರುತ್ತೆ ಅಂತ ಮಾತ್ರ ನಾವು ನೋಡಲ್ಲ. ದಿನದಲ್ಲಿ ಎಷ್ಟು ಹೊತ್ತು ಸೊನ್ನೆಯಲ್ಲಿ ಇರೋಕೆ ಸಾಧ್ಯವಾಯ್ತು ಅಂತಲೂ ನೋಡ್ತೀವಿ.

ನಿನ್ನೆಯ ಬೆಲ್ಲಿಗೆ ವಾಪಸ್ ಮಾಡಿದಾಗ ಒಂಬತ್ತೂ ಮುಕ್ಕಾಲು. ಹಿತ್ತಲಿನ ಹಲಸಿನ ಮರದಲ್ಲಿ ಈ ಸಲ ಹದಿನಾಲ್ಕು ಕಾಯಿ ಅಂತ ಅಪ್ಪ, ಹದಿಮೂರೇ ಅಂತ ಹಿಂದಿನಿಂದ ಅಮ್ಮ. ವಾದ ಸ್ವಲ್ಪ ಹೊತ್ತು ನಡೀತು. ಕೊನೆಗೆ, ಬೆಳಗಾದ ಮೇಲೆ ಮತ್ತೆ ಎಣಿಸಿ ಹೇಳ್ತೀನಿ ಅಂದರು ಅಪ್ಪ.

"ಒಂದೇ ಬೆಲ್ ಕೊಡಿ ಅಪ್ಪಾ" ಅಂದೆ.

"ಮತ್ತೆ, ಹಲಸಿನಕಾಯಿಗೆ ಎರಡು ಕೊಡ್ತಾರಾ?" ಅಂದು ನಕ್ಕರು.